ಬಾಗಿಲು ತಟ್ಟಿದವರ ಹೊಣೆ

ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹೊಟ್ಟೆನೋವು ಅಂತ ಒಬ್ಬರು ಆಸ್ಪತ್ರೆಗೆ ಬರುತ್ತಾರೆ. ಚೀಟಿ ಮಾಡಿಸುತ್ತಾರೆ, ಸಾಲಿನಲ್ಲಿ ಕೂರುತ್ತಾರೆ, ಒಳಗೆ ಬಂದು ‘ಏನಾಗಿದೆ ನೋಡಿ ಡಾಕ್ಟ್ರೇ’ ಅನ್ನುತ್ತಾರೆ. ನಮಗೆ ಗೊತ್ತಿದ್ದಷ್ಟು ನೋಡುತ್ತೇವೆ. ಒಂದೊಂದು ಸಲ ಗುಣವಾಗುತ್ತದೆ, ಒಂದೊಂದು ಸಲ ಆಗುವುದಿಲ್ಲ. ಆದರೂ ಅವರು ಕೇಳಿಕೊಂಡು ಬಂದರು, ನಾವು ಕೈಲಾದದ್ದು ಮಾಡಿದೆವು ಅನ್ನುವ ಸಮಾಧಾನ ಇರುತ್ತದೆ.

ತಪಾಸಣಾ ಕಾರ್ಯಕ್ರಮದಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಅಲ್ಲಿ ಯಾರಿಗೂ ನೋವಿಲ್ಲ. ಒಬ್ಬ ಹೆಣ್ಣುಮಗಳು ಒಲೆ ಮುಂದೆ ಮುದ್ದೆ ತಿರುವುತ್ತಿರುತ್ತಾಳೆ. ನಾವೇ ಹೋಗಿ ಬಾಗಿಲು ತಟ್ಟಿ, ‘ಅಮ್ಮಾ, ಸ್ವಲ್ಪ ಕೈ ಕೊಡಿ, ಬಿಪಿ ನೋಡ್ತೀವಿ, ಒಂದು ಹನಿ ರಕ್ತ ತಗೋತೀವಿ’ ಅನ್ನುತ್ತೇವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ನಿಮ್ಮಲ್ಲಿ ಕೆಲವರು ನಿಜವಾಗಿಯೂ ಮನೆ ಬಾಗಿಲು ತಟ್ಟುತ್ತಿದ್ದೀರಿ. ಆರೋಗ್ಯವಾಗಿದ್ದೇನೆ ಅಂದುಕೊಂಡಿದ್ದ ಮನುಷ್ಯನನ್ನು ಐದು ನಿಮಿಷದಲ್ಲಿ ರೋಗಿ ಮಾಡಿಬಿಡುವ ಶಕ್ತಿ ನಿಮ್ಮ ಕೈಯಲ್ಲಿರುವ ಆ ಪುಟ್ಟ ಯಂತ್ರಕ್ಕಿದೆ.

ನಾನು ಹೇಳಬೇಕಾದದ್ದು ಇಷ್ಟೇ. ಕರೆಯದೆ ಹೋದವರು ನಾವು. ಆದ್ದರಿಂದ ತಾನಾಗಿ ಬಂದ ರೋಗಿಗಿಂತ ನಾವು ಹುಡುಕಿಕೊಂಡು ಹೋದ ಮನುಷ್ಯನ ಬಗ್ಗೆ ನಮ್ಮ ಹೊಣೆ ಜಾಸ್ತಿ. ಅವರಿಗೆ ಒಳ್ಳೆಯದಾಗುತ್ತದೆ ಅನ್ನುವುದು ಗಟ್ಟಿಯಾಗಿ ಗೊತ್ತಿರಬೇಕು. ಪಾಸಿಟಿವ್ ಬಂದರೆ ಮುಂದೇನು ಅನ್ನುವುದು ಮೊದಲೇ ಸಿದ್ಧವಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲೇ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಬರೆದ 10 ನಿಯಮಗಳನ್ನು ಪ್ರಕಟಿಸಿತು. ಅದರಲ್ಲಿ ಎರಡನೆಯದೇ ಇದು: ಪತ್ತೆಯಾದ ರೋಗಕ್ಕೆ ಒಪ್ಪಿತವಾದ ಚಿಕಿತ್ಸೆ ಇರಬೇಕು. ಪರೀಕ್ಷೆ ಇದೆ ಅನ್ನುವುದೊಂದೇ ಪರೀಕ್ಷೆ ಮಾಡಲು ಕಾರಣವಾಗುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಅದನ್ನು ಬಿಟ್ಟು ಮುಂದೆ ಹೋಗೋಣ. ತಪಾಸಣೆ ಅಂದರೆ ಜರಡಿ ಹಿಡಿಯುವ ಕೆಲಸ. ಕಾಳಿನ ಜೊತೆ ಒಂದಷ್ಟು ಕಲ್ಲೂ ಕೆಳಗೆ ಬೀಳುತ್ತದೆ, ಕಲ್ಲಿನ ಜೊತೆ ಒಂದಷ್ಟು ಕಾಳೂ ಮೇಲೆ ಉಳಿಯುತ್ತದೆ. 10,000 ಜನರಲ್ಲಿ 10 ಮಂದಿಗೆ ಒಂದು ರೋಗ ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಪರೀಕ್ಷೆ ರೋಗ ಇರುವವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಜನರಿಗೆ ‘ಇಲ್ಲ’ ಅನ್ನುತ್ತದೆ. ಒಳ್ಳೆಯ ಪರೀಕ್ಷೆಯೇ, ಅಲ್ವಾ? ಆದರೆ ಲೆಕ್ಕ ಹಾಕಿ. ನಿಜವಾಗಿ ರೋಗ ಇದ್ದು ಸಿಕ್ಕವರು 9 ಮಂದಿ. ರೋಗ ಇಲ್ಲದೆ ಪಾಸಿಟಿವ್ ಬಂದವರು 999 ಮಂದಿ. ಆ 999 ಜನ ಮುಂದಿನ ಪರೀಕ್ಷೆಯ ತನಕ ರಾತ್ರಿ ಹೇಗೆ ಮಲಗುತ್ತಾರೆ, ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಎಷ್ಟು ದಿನದ ಕೂಲಿ ಬಿಡುತ್ತಾರೆ ಅನ್ನುವುದು ಯಾವ ವರದಿಯಲ್ಲೂ ಇರುವುದಿಲ್ಲ. ರೋಗ ಇದ್ದೂ ತಪ್ಪಿಹೋದ ಆ ಒಬ್ಬರು ‘ನನಗೇನೂ ಇಲ್ಲ ಅಂದಿದ್ದಾರೆ’ ಅಂತ ನೋವು ಬಂದಾಗಲೂ ಮನೆಯಲ್ಲೇ ಇರುತ್ತಾರೆ.

ಈಗ ನನಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಸಿಕಲ್ ಸೆಲ್. ಕನ್ನಡದಲ್ಲಿ ಕುಡುಗೋಲು ಕಣ ರೋಗ ಅನ್ನುತ್ತೇವೆ. ದುಂಡಗೆ ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ನೋವು, ಕೈಕಾಲು ಊತ, ರಕ್ತ ಕಡಿಮೆಯಾಗುವುದು, ಮತ್ತೆ ಮತ್ತೆ ಸೋಂಕು. ಆ ನೋವನ್ನು ನೋಡಿದವರು ಮರೆಯುವುದಿಲ್ಲ. ನಮ್ಮ ದೇಶದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ಇಲ್ಲೇ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ. ನಮ್ಮಲ್ಲಿ ಜೇನುಕುರುಬರು, ಸೋಲಿಗರು, ಯರವರಲ್ಲಿ ಇದೆ.

ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕಡೆಯಿಂದಲೂ ಈ ಜೀನ್ ಬಂದರೆ ರೋಗ. ಒಂದೇ ಕಡೆಯಿಂದ ಬಂದರೆ ಅವರು ವಾಹಕರು. ವಾಹಕರು ಸಾಮಾನ್ಯವಾಗಿ ಎಲ್ಲರ ಹಾಗೆ ಬದುಕುತ್ತಾರೆ, ಔಷಧ ಬೇಕಾಗಿಲ್ಲ. ಅಷ್ಟೇ ಅಲ್ಲ, ಮಕ್ಕಳಾಗಿದ್ದಾಗ ಮಲೇರಿಯಾ ಅವರನ್ನು ಅಷ್ಟು ಸುಲಭವಾಗಿ ಕೊಲ್ಲುವುದಿಲ್ಲ. ಕಾಡಿನ ಜನರಲ್ಲಿ ಈ ಜೀನ್ ಉಳಿದುಕೊಂಡಿದ್ದೇ ಅದರಿಂದ. ಇದನ್ನು ನಾನು ಅವರು ವಾಸಿಸುವ ಪ್ರತಿ ಹಾಡಿಯಲ್ಲೂ ಹೇಳುತ್ತೇನೆ. ‘ನಿಮ್ಮ ರಕ್ತ ಕೆಟ್ಟದ್ದಲ್ಲ, ನಿಮ್ಮ ಹಿರಿಯರನ್ನು ಜ್ವರದಿಂದ ಕಾಪಾಡಿದ್ದು ಇದೇ ರಕ್ತ’ ಅಂದಾಗ ಹಿರಿಯರ ಮುಖ ಸ್ವಲ್ಪ ಅರಳುತ್ತದೆ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಈ ತಪಾಸಣೆ ನೇರವಾಗಿ ಹೋಗಿ ಮುಟ್ಟುವುದು ಮದುವೆಯನ್ನು. ಮದುವೆಯ ಮಾತು ಬಂದರೆ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಊರು, ಹೆಸರು ಬೇಡ. ಬಹಳ ವರ್ಷಗಳ ಹಿಂದೆ ಒಂದು ಹಾಡಿಯಲ್ಲಿ ಕ್ಯಾಂಪ್ ಮಾಡಿದ್ದೆವು. ಹೊಂಗೆ ಮರದ ಕೆಳಗೆ ಮೇಜು ಹಾಕಿ, ಫಲಿತಾಂಶದ ಚೀಟಿಗಳನ್ನು ಹರಡಿಕೊಂಡು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ ಕೊಟ್ಟೆವು. ನೆಗೆಟಿವ್ ಚೀಟಿ ಒಂದು ರಾಶಿ, ಪಾಸಿಟಿವ್ ಚೀಟಿ ಇನ್ನೊಂದು ರಾಶಿ. ಬೇಗ ಮುಗಿಯಲಿ ಅಂತ ಹಾಗೆ ಮಾಡಿದ್ದು ನಾನೇ. ಯಾವ ರಾಶಿಯಿಂದ ಯಾರ ಚೀಟಿ ಬಂತು ಅನ್ನುವುದನ್ನು ಇಡೀ ಹಾಡಿ ನೋಡುತ್ತಾ ನಿಂತಿತ್ತು. ಹದಿನೇಳು ಹದಿನೆಂಟರ ಒಬ್ಬ ಹುಡುಗಿಯ ಚೀಟಿ ಎರಡನೇ ರಾಶಿಯಿಂದ ಬಂತು. ಅವಳು ಬರೀ ವಾಹಕಿ. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಎರಡು ತಿಂಗಳ ನಂತರ ಹೋದಾಗ ಅವಳ ತಾಯಿ ನನ್ನ ಹತ್ತಿರ ಬಂದು, ‘ಸೋದರಮಾವನ ಮನೆಯವರು ಬೇಡ ಅಂದರು. ರಕ್ತದಲ್ಲಿ ಹುಳ ಇದೆಯಂತೆ ಅಂತಾರೆ’ ಅಂದಳು. ಆ ಹುಡುಗ ವಾಹಕನೋ ಅಲ್ಲವೋ ಅಂತ ಯಾರೂ ನೋಡಿಯೇ ಇರಲಿಲ್ಲ. ಅವನು ಅಲ್ಲದಿದ್ದರೆ ಅವರ ಯಾವ ಮಗುವಿಗೂ ಈ ರೋಗ ಬರುತ್ತಿರಲಿಲ್ಲ. ಕ್ಯಾಂಪಿನ ದಿನ ನಾನು ಇದನ್ನು ಹೇಳಿದ್ದೆನೇ? ಹೇಳಿದ್ದೆ, ಮೈಕಿನಲ್ಲಿ, ಎಲ್ಲರಿಗೂ ಒಟ್ಟಿಗೆ, ಅರ್ಧ ಇಂಗ್ಲಿಷಿನಲ್ಲಿ. ಆ ತಾಯಿಗೆ ನೆನಪಿದ್ದದ್ದು ಎರಡು ರಾಶಿ ಮಾತ್ರ.

ಆ ದಿನದಿಂದ ಈ ಬಗ್ಗೆ ಓದತೊಡಗಿದೆ. ಓದಿದಾಗ ಗೊತ್ತಾಯಿತು, ನಾನು ಮಾಡಿದ ತಪ್ಪನ್ನು ಅಮೆರಿಕ ನನಗಿಂತ ಎಷ್ಟೋ ಮೊದಲೇ ದೊಡ್ಡ ಮಟ್ಟದಲ್ಲಿ ಮಾಡಿ ಮುಗಿಸಿತ್ತು.

ಅಲ್ಲಿ ಈ ರೋಗ ಹೆಚ್ಚಾಗಿರುವುದು ಕಪ್ಪು ಜನರಲ್ಲಿ. 1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಇದನ್ನು ಮೊದಲು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವರ ಜೊತೆಗಾರರು ಇದು ಹಿಮೋಗ್ಲೋಬಿನ್ ಅಣುವಿನಲ್ಲೇ ಇರುವ ದೋಷ ಅಂತ ತೋರಿಸಿಕೊಟ್ಟರು. ಪೌಲಿಂಗ್ ಅಂದರೆ ಸಾಮಾನ್ಯರಲ್ಲ. ರಸಾಯನಶಾಸ್ತ್ರಕ್ಕೆ ಒಂದು, ಶಾಂತಿಗೆ ಒಂದು, ಎರಡು ನೊಬೆಲ್ ಪಡೆದವರು. ಅಣುಬಾಂಬಿನ ವಿರುದ್ಧ ನಿಂತವರು. ಅಂಥವರು 1968ರಲ್ಲಿ ಏನು ಬರೆದರು ಗೊತ್ತೇ? ಈ ಜೀನ್ ಇರುವ ಪ್ರತಿ ಯುವಕ ಯುವತಿಯ ಹಣೆಯ ಮೇಲೆ ಒಂದು ಗುರುತು ಹಚ್ಚೆ ಹಾಕಿಸಬೇಕು ಅಂತ. ಹಾಗೆ ಮಾಡಿದರೆ ವಾಹಕರು ಪರಸ್ಪರ ಪ್ರೀತಿಸುವುದನ್ನು ತಪ್ಪಿಸಬಹುದು ಅಂತ.

ನಾವು ಹಣೆಬರಹ ಅನ್ನುವ ಮಾತನ್ನು ದಿನಾ ಆಡುತ್ತೇವೆ. ಬ್ರಹ್ಮ ಬರೆದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ ಅನ್ನುವುದೇ ಅದರಲ್ಲಿರುವ ಕರುಣೆ. ಪೌಲಿಂಗ್ ಅದನ್ನು ಎಲ್ಲರೂ ಓದುವ ಹಾಗೆ ಬರೆಯಬೇಕು ಅಂದರು. ಅವರು ಕೆಟ್ಟವರಾಗಿರಲಿಲ್ಲ. ಮಕ್ಕಳ ನೋವು ತಪ್ಪಬೇಕು ಅನ್ನುವುದು ಅವರ ಆಸೆ. ನನ್ನ ಎರಡು ರಾಶಿ ಚೀಟಿಯ ಹಿಂದೆಯೂ ಅದೇ ಆಸೆ ಇತ್ತು. ಅದಕ್ಕೇ ಈ ಕಥೆ ನನಗೆ ಇಷ್ಟು ಚುಚ್ಚುತ್ತದೆ.

ಹಚ್ಚೆ ಯಾರೂ ಹಾಕಲಿಲ್ಲ. ಆದರೆ 1970ರ ದಶಕದ ಶುರುವಿನಲ್ಲಿ ಅಗ್ಗದ ಪರೀಕ್ಷೆ ಬಂದಿತ್ತು. ಕಪ್ಪು ಜನರ ಸಂಘಟನೆಗಳೇ ‘ನಮ್ಮ ರೋಗವನ್ನು ಕಡೆಗಣಿಸಿದ್ದೀರಿ’ ಅಂತ ದನಿ ಎತ್ತಿದವು. ಬ್ಲ್ಯಾಕ್ ಪ್ಯಾಂಥರ್ ಪಕ್ಷ ತಾನೇ ಉಚಿತ ತಪಾಸಣೆ ನಡೆಸಿತು. ನ್ಯಾಯವಾದ ಕೂಗು ಅದು. ಅದಕ್ಕೆ ಉತ್ತರವಾಗಿ ಹಲವು ರಾಜ್ಯಗಳು ಅವಸರದಲ್ಲಿ ಕಡ್ಡಾಯ ತಪಾಸಣೆಯ ಕಾನೂನು ತಂದವು. ಶಾಲೆಗೆ ಸೇರುವಾಗ, ಮದುವೆ ನೋಂದಣಿಗೆ ಬಂದಾಗ ಪರೀಕ್ಷೆ. ವಾಹಕರಿಗೂ ರೋಗಿಗಳಿಗೂ ವ್ಯತ್ಯಾಸ ಗೊತ್ತಿಲ್ಲದೆ ಬರೆದ ಕಾನೂನುಗಳೂ ಇದ್ದವು. ಆರೋಗ್ಯವಾಗಿದ್ದ ವಾಹಕರಿಗೆ ವಿಮೆ ಸಿಗಲಿಲ್ಲ, ಕೆಲಸ ಸಿಗಲಿಲ್ಲ. ಅಮೆರಿಕದ ವಾಯುಪಡೆ ಅಕಾಡೆಮಿ 1981ರ ತನಕ ವಾಹಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1972ರ ರಾಷ್ಟ್ರಮಟ್ಟದ ಕಾನೂನು ಬಂದಾಗ, ಜನ ಒಪ್ಪಿ ಬಂದರೆ ಮಾತ್ರ ಪರೀಕ್ಷೆ ಮಾಡುವ ಕಾರ್ಯಕ್ರಮಕ್ಕೆ ಹಣ ಅಂತ ಸೇರಿಸಬೇಕಾಯಿತು.

ಇಷ್ಟೆಲ್ಲಾ ಮಾಡಿ ಪಾಸಿಟಿವ್ ಬಂದ ಮಗುವಿಗೆ ಕೊಡಲು ಏನಿತ್ತು? ಆಗ ಹೆಚ್ಚೇನೂ ಇರಲಿಲ್ಲ.

1986ರಲ್ಲಿ ಒಂದು ಅಧ್ಯಯನ ಬಂತು. ರೋಗ ಇರುವ ಎಳೆಯ ಮಕ್ಕಳಿಗೆ ದಿನಕ್ಕೆ ಎರಡು ಸಲ ಬಾಯಿಗೆ ಪೆನ್ಸಿಲಿನ್ ಕೊಟ್ಟು ನೋಡಿದರು. ಜೀವ ತೆಗೆಯುವ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ನೂರಕ್ಕೆ 84 ಭಾಗ ಕಡಿಮೆಯಾಯಿತು. ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೆ ಇನ್ನರ್ಧ ಮಕ್ಕಳಿಗೆ ಔಷಧ ಕೊಡದೆ ಇರುವುದು ಸರಿಯಲ್ಲ ಅಂತ ಅಧ್ಯಯನವನ್ನೇ ಬೇಗ ನಿಲ್ಲಿಸಿದರು. ಪೆನ್ಸಿಲಿನ್! ನಮಗೆಲ್ಲಾ ಗೊತ್ತಿರುವ ಹಳೆಯ ಔಷಧ. ಹುಟ್ಟಿದ ಕೂಡಲೇ ಗೊತ್ತಾದರೆ ಮಗುವನ್ನು ಉಳಿಸಬಹುದು ಅಂತಾಯಿತು. ಆಗ ನವಜಾತ ಶಿಶುಗಳ ತಪಾಸಣೆಗೆ ಅರ್ಥ ಬಂತು. ಅದೇ ರೋಗ, ಅದೇ ರಕ್ತದ ಹನಿ. 1972ರಲ್ಲಿ ಅದರಿಂದ ಸಿಕ್ಕಿದ್ದು ಹೆಚ್ಚಾಗಿ ಅವಮಾನ, 1986ರ ನಂತರ ಸಿಕ್ಕಿದ್ದು ಮಗುವಿನ ಜೀವ.

ಗ್ರೀಸಿನ ಆರ್ಕೊಮೆನೊಸ್ ಎಂಬ ಊರಿನ ಕಥೆಯನ್ನೂ ಹೇಳಬೇಕು. ಅಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ವಾಹಕರು. ಎಲ್ಲರಿಗೂ ಪರೀಕ್ಷೆ ಮಾಡಿ, ತಿಳಿವಳಿಕೆ ಹೇಳಿ, ಕೆಲವು ವರ್ಷಗಳ ನಂತರ ಹೋಗಿ ನೋಡಿದರು. ಇಬ್ಬರು ವಾಹಕರು ಮದುವೆಯಾಗುವುದು ಕಡಿಮೆಯಾಗಿರಲಿಲ್ಲ. ಸುಮ್ನೆ ಆಕಸ್ಮಿಕವಾಗಿ ಎಷ್ಟಾಗಬಹುದೋ ಅಷ್ಟೇ ಆಗಿದ್ದವು. ಕಾರಣ, ವಾಹಕರು ಅನ್ನಿಸಿಕೊಂಡವರು ಅದನ್ನು ಮುಚ್ಚಿಟ್ಟಿದ್ದರು. ಮುಚ್ಚಿಡದೆ ಇನ್ನೇನು ಮಾಡುತ್ತಾರೆ? ಹೇಳಿದರೆ ಸಂಬಂಧ ಮುರಿಯುತ್ತದೆ. ನಾಚಿಕೆ ಹುಟ್ಟಿಸಿದ ತಪಾಸಣೆ ತನ್ನ ಕೆಲಸವನ್ನು ತಾನೇ ಕೆಡಿಸಿಕೊಂಡಿತು.

ಈಗ ನಮ್ಮ ದೇಶಕ್ಕೆ ಬರೋಣ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ. 2025ರ ಮಧ್ಯದ ಹೊತ್ತಿಗೆ 6 ಕೋಟಿ ದಾಟಿತ್ತು. 2 ಲಕ್ಷಕ್ಕೂ ಹೆಚ್ಚು ಜನರಲ್ಲಿ ರೋಗ, 16 ಲಕ್ಷಕ್ಕೂ ಹೆಚ್ಚು ವಾಹಕರು. ಇದು ನಿಜಕ್ಕೂ ದೊಡ್ಡ ಕೆಲಸ. ಎಷ್ಟೋ ತಲೆಮಾರು ‘ವಾತ’, ‘ಗಾಳಿ ಸೋಕಿದೆ’, ‘ದೇವರ ಕಾಟ’ ಅಂತ ನರಳಿದ ಜನರಿಗೆ ಕಡೆಗೂ ತಮ್ಮ ನೋವಿನ ಹೆಸರು ಗೊತ್ತಾಗುತ್ತಿದೆ. ಅವರನ್ನು ಇಷ್ಟು ದಿನ ಯಾರೂ ಹುಡುಕಿಕೊಂಡು ಹೋಗಲಿಲ್ಲ ಅನ್ನುವುದೂ ಒಂದು ಅನ್ಯಾಯವೇ ಆಗಿತ್ತು. ಅದಕ್ಕೇ ತಪಾಸಣೆ ನಿಲ್ಲಿಸಿ ಅಂತ ನಾನು ಎಂದೂ ಹೇಳುವುದಿಲ್ಲ.

ಆದರೆ ನಿರ್ಮೂಲನೆ ಅನ್ನುವ ಆ ಪದವನ್ನು ಒಮ್ಮೆ ಒಬ್ಬ ರೋಗಿಯ ಕಿವಿಯಿಂದ ಕೇಳಿ. ಈ ರೋಗ ಇರುವ ಹತ್ತನೇ ಕ್ಲಾಸಿನ ಹುಡುಗ ಕ್ಯಾಂಪಿನ ಬ್ಯಾನರ್ ಕೆಳಗೆ ಕೂತಿರುತ್ತಾನೆ. ಅವನ ರೋಗ ಅವನ ಪ್ರತಿ ಕಣದಲ್ಲಿದೆ, ಅವನಿಂದ ಅದನ್ನು ಬೇರೆ ಮಾಡಿ ಎತ್ತಿ ಎಸೆಯಲು ಬರುವುದಿಲ್ಲ. ಭಾಷಣದಲ್ಲೆಲ್ಲಾ ‘ಇಂಥ ಮಕ್ಕಳು ಇನ್ನು ಹುಟ್ಟಬಾರದು’ ಅಂತ ಹೇಳುತ್ತಿದ್ದರೆ ಅವನಿಗೆ ಏನನ್ನಿಸಬೇಕು? ಅವನಿಗೆ ಬೇಕಾಗಿರುವುದು ನೋವು ಮತ್ತೆ ಮತ್ತೆ ಬರುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ದಿನಾ ತಪ್ಪದೆ, ನೋವು ಬಂದಾಗ ‘ನಾಟಕ ಮಾಡ್ತಾನೆ’ ಅನ್ನದ ಡಾಕ್ಟರು, ರಕ್ತ ಬೇಕಾದಾಗ ರಕ್ತ. ಮುಂದಿನ ತಲೆಮಾರಿನ ಮದುವೆಯ ಮಾತು ಆಡುವ ಮೊದಲು ಈ ತಲೆಮಾರಿನ ನೋವಿಗೆ ಮಾತ್ರೆ ಸಿಗಬೇಕು. ಈ ಕ್ರಮ ತಪ್ಪಿದರೆ ಜನ ನಮ್ಮನ್ನು ನಂಬುವುದಿಲ್ಲ, ನಂಬಲೂಬಾರದು.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ನಾವು ಕ್ಯಾಂಪಿನಲ್ಲಿ ಮಾಡುವ ಕರಗುವಿಕೆ ಪರೀಕ್ಷೆ ವಾಹಕ ಯಾರು, ರೋಗಿ ಯಾರು ಅಂತ ಬಿಡಿಸಿ ಹೇಳುವುದಿಲ್ಲ. ಆರು ತಿಂಗಳೊಳಗಿನ ಮಗುವಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ನೋಡಿ ಖಚಿತ ಮಾಡಿಕೊಳ್ಳಬೇಕು. ಅದರ ರಿಪೋರ್ಟ್ ಬರುವ ತನಕ ‘ನಿಮಗೆ ಸಿಕಲ್ ಸೆಲ್ ಇದೆ’ ಅನ್ನುವ ಮಾತು ನಮ್ಮ ಬಾಯಿಂದ ಬರಬಾರದು.

ಕಾರ್ಡಿನ ವಿಷಯಕ್ಕೂ ಇದೇ ಅನ್ವಯಿಸುತ್ತದೆ. ಈ ಅಭಿಯಾನದಲ್ಲಿ ಜನರಿಗೆ ಕಾರ್ಡ್ ಕೊಡುತ್ತಾರೆ. ಮದುವೆಗೆ ಮೊದಲು ಗಂಡು ಹೆಣ್ಣಿನ ಕಾರ್ಡ್ ಜೋಡಿಸಿ ನೋಡಿ ಅನ್ನುವುದು ಯೋಚನೆ. ಚಿಕಿತ್ಸೆಗೆ ಕಾರ್ಡ್ ಬೇಕು, ಒಪ್ಪುತ್ತೇನೆ. ಆದರೆ ಅದು ಆ ವ್ಯಕ್ತಿಯ ಸ್ವತ್ತು. ಹಾಡಿಯ ಯಜಮಾನನದ್ದಲ್ಲ, ಮಾವನ ಮನೆಯವರದ್ದಲ್ಲ, ನಮ್ಮದೂ ಅಲ್ಲ. ತೋರಿಸಬೇಕೋ ಬೇಡವೋ ಅನ್ನುವುದನ್ನು ಆ ಹುಡುಗಿ ಹೇಳಬೇಕು. ಇಬ್ಬರು ವಾಹಕರು ಎಲ್ಲಾ ತಿಳಿದೂ ಮದುವೆಯಾಗುತ್ತೇವೆ ಅಂದರೆ ಅದು ಅವರ ಹಕ್ಕು. ಅವರಿಗೆ ಬಸಿರಿನಲ್ಲಿ ಪರೀಕ್ಷೆ ಮಾಡಿಸುವ ದಾರಿ ಹೇಳಿ. ಅದೂ ಬೇಡ ಅಂದರೆ ಹುಟ್ಟಿದ ಮಗುವಿಗೆ ಪೆನ್ಸಿಲಿನ್ ಕೊಡಿ.

ತಪಾಸಣೆ ಮಾಡದೆ ಇರುವುದರ ನೈತಿಕತೆಯನ್ನೂ ನೋಡಬೇಕು. ಗರ್ಭಕಂಠದ ಕ್ಯಾನ್ಸರ್ ತಗೊಳ್ಳಿ. ನರ್ಸ್ ಒಬ್ಬರು ವಿನಿಗರ್‌ನಂಥ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಬಂತಾ ಅಂತ ನೋಡುವ ಪರೀಕ್ಷೆ ಇದೆ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಪರೀಕ್ಷೆ ಮಾಡಿ ನೋಡಿತು. ಈ ಕ್ಯಾನ್ಸರಿನ ಸಾವು ನೂರಕ್ಕೆ 31 ಕಡಿಮೆಯಾಯಿತು. ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಸ್ಥಳೀಯ ಹೆಣ್ಣುಮಕ್ಕಳು. ಕೇಳಿದರೆ ಹೆಮ್ಮೆಯಾಗುತ್ತದೆ.

ಆದರೆ ಸಾವು ಕಡಿಮೆಯಾಯಿತು ಅಂತ ಗೊತ್ತಾಗಬೇಕಾದರೆ ತಪಾಸಣೆ ಇಲ್ಲದ ಇನ್ನೊಂದು ಗುಂಪು ಬೇಕಲ್ಲ? ಮುಂಬೈ, ಒಸ್ಮಾನಾಬಾದ್, ತಮಿಳುನಾಡಿನ ದಿಂಡಿಗಲ್, ಈ ಮೂರೂ ಕಡೆಯ ಅಧ್ಯಯನಗಳಲ್ಲಿ ಅಂಥ ಗುಂಪುಗಳಿದ್ದವು. ಒಟ್ಟು ಸೇರಿದರೆ ಆ ಗುಂಪುಗಳಲ್ಲಿ 254 ಹೆಂಗಸರು ಗರ್ಭಕಂಠದ ಕ್ಯಾನ್ಸರಿನಿಂದ ಸತ್ತರು. ಈ ಕ್ಯಾನ್ಸರನ್ನು ಮೊದಲೇ ಹಿಡಿಯುವ ಪ್ಯಾಪ್ ಪರೀಕ್ಷೆ ಜಗತ್ತಿಗೆ ಗೊತ್ತಾಗಿ ದಶಕಗಳಾಗಿತ್ತು. ಸಂಶೋಧಕರ ಉತ್ತರ ಏನೆಂದರೆ, ಭಾರತದಲ್ಲಿ ಆಗ ಯಾವ ತಪಾಸಣೆಯೂ ಇರಲಿಲ್ಲ, ಹಾಗಾಗಿ ಆ ಹೆಂಗಸರಿಂದ ನಾವು ಏನನ್ನೂ ಕಿತ್ತುಕೊಳ್ಳಲಿಲ್ಲ, ಆರೋಗ್ಯ ಶಿಕ್ಷಣ ಕೊಟ್ಟೆವು. ಈ ಉತ್ತರವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತೂಗಿ ನೋಡಿದ್ದೇನೆ. ನನಗೆ ಒಪ್ಪಿಗೆಯಾಗಿಲ್ಲ. ಬಡವರಿಗೆ ಇಲ್ಲಿಯ ತನಕ ಏನೂ ಸಿಕ್ಕಿಲ್ಲ ಅನ್ನುವುದನ್ನೇ ಅಳತೆಗೋಲು ಮಾಡಿಕೊಂಡರೆ, ಅವರಿಗೆ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತದೆ ಅಂತಾಗಿಬಿಡುತ್ತದೆ. ಅದಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಮಾತು ಇನ್ನೊಂದಿದೆ. ಆ ಸಾವುಗಳಿಂದ ಕಲಿತದ್ದನ್ನು ನಾವು ಬಳಸಿದೆವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಇನ್ನೊಂದು ತುದಿಯಲ್ಲಿ ನಮ್ಮ ನಗರಗಳ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಿವೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ದಕ್ಷಿಣ ಕೊರಿಯಾದ ಕಥೆ ಸಾಕು. ಅಲ್ಲಿ ಬೇರೆ ತಪಾಸಣೆಗೆ ಬಂದವರಿಗೆ ಸ್ವಲ್ಪ ಹಣಕ್ಕೆ ಥೈರಾಯ್ಡ್ ಸ್ಕ್ಯಾನ್ ಕೂಡ ಮಾಡತೊಡಗಿದರು. 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟು. ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮಾತ್ರ ಬದಲಾಗಲೇ ಇಲ್ಲ. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಕುತ್ತಿಗೆ ಕೊಯ್ಯಿಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು.

ನನ್ನ ಮಾತು ಮುಗಿದ ಮೇಲೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು ಕೇಳಿದರು: ‘ನೀವು ಹೇಳೋದು ಸರಿ ಸಾರ್. ಆದರೆ ನಮಗೆ ಟಾರ್ಗೆಟ್ ಇರುತ್ತೆ. ತಿಂಗಳಿಗೆ ಇಷ್ಟು ಜನ ಅಂತ. ಒಬ್ಬೊಬ್ಬರಿಗೂ ಕೂತು ವಿವರಿಸಿದರೆ ಮುಗಿಯಲ್ಲ. ಬೇಡ ಅಂದವರನ್ನು ಬಿಟ್ಟರೆ ಮೀಟಿಂಗಲ್ಲಿ ಬೈಸಿಕೊಳ್ಳೋರು ನಾವು.’

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವರು ಹೇಳಿದ್ದು ಸತ್ಯ. ನೈತಿಕತೆಯ ಭಾರವನ್ನೆಲ್ಲಾ ಅತಿ ಕಡಿಮೆ ಸಂಬಳದವರ ತಲೆಯ ಮೇಲೆ ಹೊರಿಸಿ ಮೇಲಿನವರು ಆರಾಮಾಗಿ ಇರುವುದು ನ್ಯಾಯವಲ್ಲ. ಟಾರ್ಗೆಟ್ ಇಡುವವರು ಬೇಡ ಅಂದವರ ಸಂಖ್ಯೆಯನ್ನೂ ಕೇಳಬೇಕು. ಅದು ಸೊನ್ನೆ ಇದ್ದರೆ ಅನುಮಾನ ಪಡಬೇಕು, ಯಾಕೆಂದರೆ ನಿಜವಾಗಿ ಕೇಳಿದ ಕಡೆ ಒಂದಿಬ್ಬರಾದರೂ ಬೇಡ ಅನ್ನುತ್ತಾರೆ. ಇದನ್ನು ನಾನು ಅಧಿಕಾರಿಗಳಿಗೆ ಹೇಳುತ್ತಲೇ ಇದ್ದೇನೆ.

ಆ ಹೆಣ್ಣುಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟು. ಚೀಟಿಯನ್ನು ಮನೆಯ ಒಳಗೆ ಕೂತು, ಅವರ ಕೈಗೇ ಕೊಡಿ, ಪಕ್ಕದ ಮನೆಯವರ ಎದುರು ಬೇಡ. ವಾಹಕರಿಗೆ ‘ನಿಮಗೆ ಕಾಯಿಲೆ ಇಲ್ಲ’ ಅನ್ನುವ ಮಾತನ್ನು ಮೊದಲು ಹೇಳಿ, ಉಳಿದದ್ದು ಆಮೇಲೆ. ನಿಮ್ಮ ರಿಜಿಸ್ಟರಿನಲ್ಲಿ ಎಷ್ಟು ಜನರನ್ನು ನೋಡಿದಿರಿ, ಎಷ್ಟು ಪಾಸಿಟಿವ್ ಅಂತ ಎರಡು ಕಾಲಂ ಇರುತ್ತದೆ. ಪಾಸಿಟಿವ್ ಬಂದವರಲ್ಲಿ ಎಷ್ಟು ಜನರಿಗೆ ಈ ತಿಂಗಳ ಮಾತ್ರೆ ಸಿಕ್ಕಿತು ಅನ್ನುವ ಮೂರನೇ ಕಾಲಂ ಇದೆಯಾ ನೋಡಿ. ಇಲ್ಲದಿದ್ದರೆ ಸ್ಕೇಲ್ ಇಟ್ಟು ನೀವೇ ಒಂದು ಗೆರೆ ಎಳೆಯಿರಿ. ಮುಂದಿನ ಮೀಟಿಂಗಿಗೆ ಹೋಗುವಾಗ ಆ ಪುಟವನ್ನು ಮಡಚಿಟ್ಟುಕೊಂಡು ಹೋಗಿ, ನಿಮ್ಮ ಸರದಿ ಬಂದಾಗ ಮೊದಲು ಅದನ್ನು ಓದಿ.